ಹೊರುವ ಬಲವೊಂದೇ ಸಾಲದು

ಮೆತ್ತನೆಯ ನೆಲದಲ್ಲಿ ದೊಡ್ಡ ಕಟ್ಟಡವನ್ನು ನಿಲ್ಲಿಸಬೇಕಾದಾಗ, ನೆಲದೊಳಕ್ಕೆ ಉದ್ದವಾದ ಗೂಟಗಳನ್ನಿಳಿಸಿ ಅವುಗಳ ತಲೆಯ ಮೇಲೆ ಕಟ್ಟಡವನ್ನು ಕೂರಿಸುವ ಪದ್ಧತಿ ಬಹು ಪುರಾತನವಾದುದು. ಹಿಂದೆ ಮರದ ಗೂಟಗಳಿದ್ದವು. ಇಂದು ಅವುಗಳ ಸ್ಥಾನವನ್ನು ಕಾಂಕ್ರೀಟು ಮತ್ತು ಉಕ್ಕಿನ ಕಂಬಗಳು ಪಡೆದಿವೆ. ಇವನ್ನು ಎಂಜಿನಿಯರರು ಪೈಲುಗಳೆಂದು ಕರೆಯುತ್ತಾರೆ. ಪೈಲುಗಳನ್ನು ಇಳಿಸುವ ಯಂತ್ರದ ಸದ್ದು ಕೇಳಿದೊಡನೆಯೇ ಜನರ ಮನಸ್ಸಿನಲ್ಲಿ ಒಂದು ಬಗೆಯ ಧೈರ್ಯ ಮೂಡುತ್ತದೆ. 'ಪೈಲು ಹಾಕಿದ್ದಾರೆ, ಇನ್ನು ಭಯವಿಲ್ಲ' ಎಂಬ ಮಾತು ಮನೆ ಕೊಳ್ಳುವವರ ಬಾಯಲ್ಲಿ ಮಾತ್ರವಲ್ಲದೆ, ಮನೆ ಕಟ್ಟಿಸುವವರ ಬಾಯಲ್ಲಿಯೂ ಕೇಳಿಬರುತ್ತದೆ. ಈ ಧೈರ್ಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ವಾಚಕರ ಮುಂದಿಟ್ಟು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಅಸ್ತಿಭಾರವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಎರಡು. ನೆಲವು ಈ ಭಾರವನ್ನು ಹೊರಬಲ್ಲುದೆ ಎಂಬುದು ಮೊದಲನೆಯದು. ಹೊತ್ತುಕೊಂಡ ಮೇಲೆ ಅದು ಎಷ್ಟು ಇಳಿಯುತ್ತದೆ, ಎಷ್ಟು ಕಾಲ ಇಳಿಯುತ್ತದೆ, ಎಲ್ಲ ಕಡೆಯೂ ಸಮನಾಗಿ ಇಳಿಯುತ್ತದೆಯೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಪೈಲುಗಳು ಒಳ್ಳೆಯ ಉತ್ತರವನ್ನು ಕೊಡುತ್ತವೆ. ಎರಡನೆಯದಕ್ಕೆ, ಅದರಲ್ಲಿಯೂ ಆಳವಾದ ಮೆತ್ತನೆಯ ಜೇಡಿಮಣ್ಣಿನಲ್ಲಿ, ಅವು ತಾವಾಗಿಯೇ ಉತ್ತರ ಕೊಡುವುದಿಲ್ಲ. ಆದರೂ ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಅನ್ವಯಿಸುವ ಅಭ್ಯಾಸ ಬೆಳೆದಿದೆ. ಈ ಅಭ್ಯಾಸವನ್ನು ಬಿಡದಿದ್ದರೆ, ಬೀಳದೆ ನಿಂತಿದ್ದರೂ ನೆಮ್ಮದಿಯಿಂದ ವಾಸಿಸಲಾಗದ ಕಟ್ಟಡಗಳು ಹೆಚ್ಚುತ್ತವೆ. ಅವುಗಳ ವೆಚ್ಚವನ್ನು ತೆರಬೇಕಾದವರು ಕಟ್ಟಿದವರಲ್ಲ, ಬದುಕಿನ ಉಳಿತಾಯವನ್ನೆಲ್ಲ ಸುರಿದು ಕೊಂಡವರು.

ಪೈಲು ಭಾರವನ್ನು ಹೊರುವ ಬಗೆಯನ್ನು ಮೊದಲು ತಿಳಿಯೋಣ. ಅದಕ್ಕೆ ಎರಡು ಆಸರೆಗಳಿವೆ. ಒಂದು, ತುದಿಯ ಕೆಳಗಿರುವ ಗಟ್ಟಿನೆಲ. ಇನ್ನೊಂದು, ಪೈಲಿನ ಮೈಗೂ ಸುತ್ತಲಿನ ಮಣ್ಣಿಗೂ ಇರುವ ಅಂಟು ಮತ್ತು ತಿಕ್ಕಾಟ. ಆಮ್‌ಸ್ಟರ್‌ಡಾಮ್ ನಗರದ ಅರಮನೆ ಮೊದಲನೆಯ ಬಗೆಗೆ ಪ್ರಸಿದ್ಧ ಉದಾಹರಣೆ. 1655ರಲ್ಲಿ ಪುರಭವನವಾಗಿ ತೆರೆಯಲ್ಪಟ್ಟ ಆ ಕಟ್ಟಡದ ಅಡಿಯಲ್ಲಿ 13,659 ಮರದ ಗೂಟಗಳಿವೆ ಎಂಬ ಸಂಖ್ಯೆಯನ್ನು ಆ ದೇಶದ ಶಾಲಾಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅಲ್ಲಿಯ ಮೇಲ್ಪದರದ ಕೆಸರನ್ನೂ ಜೌಗುಮಣ್ಣನ್ನೂ ದಾಟಿದರೆ, ಸುಮಾರು 12 ಮೀಟರಿನ ಆಳದಲ್ಲಿ ಮರಳಿನ ಪದರ ದೊರೆಯುತ್ತದೆ. ಗೂಟಗಳ ತುದಿ ಆ ಮರಳನ್ನು ಮುಟ್ಟಿದೆ. ನಡುವಣ ಕೆಸರು ಭಾರವನ್ನು ಹೊರಬೇಕಾದ ಪ್ರಸಂಗವೇ ಇಲ್ಲ.

ಆದರೆ ಎಲ್ಲ ಊರಿನ ನೆಲವೂ ಇಷ್ಟು ಉದಾರವಾಗಿರುವುದಿಲ್ಲ. ಹಳೆಯ ಸರೋವರಗಳ ತಳ, ನದೀಮುಖಜ ಭೂಮಿ, ಕೊಲ್ಲಿಗಳ ಅಂಚು ಇಂತಹ ಕಡೆಗಳಲ್ಲಿ ಜೇಡಿಮಣ್ಣು ಹತ್ತಾರು ಮೀಟರುಗಳ ಆಳದವರೆಗೆ ಹಾಸಿಕೊಂಡಿರುತ್ತದೆ. ಅಲ್ಲಿ ಪೈಲುಗಳ ತುದಿಗೆ ಬಂಡೆ ಸಿಕ್ಕುವುದಿಲ್ಲ. ಅವು ಮೈಯ ತಿಕ್ಕಾಟದಿಂದಲೇ ನಿಲ್ಲಬೇಕು. ಇಲ್ಲವೆ ನಡುವೆ ದೊರೆತ ಒಂದು ಮರಳಿನ ಪದರದ ಮೇಲೆ ನಿಂತು, ಅದರ ಕೆಳಗೆ ಮತ್ತೆ ಜೇಡಿಯಿದೆ ಎಂಬುದನ್ನು ಮರೆಸಬೇಕು. ಇಂತಹ ಕಡೆ ಪೈಲುಗಳು ಮಾಡುವುದು ಒಂದೇ ಕೆಲಸ: ಭಾರವನ್ನು ಮೇಲಿನ ಮಣ್ಣಿನಿಂದ ತೆಗೆದು ಕೆಳಗಿನ ಮಣ್ಣಿಗೆ ದಾಟಿಸುವುದು. ಭಾರವು ಸ್ಥಳಾಂತರ ಹೊಂದುತ್ತದೆಯೇ ಹೊರತು ಮಾಯವಾಗುವುದಿಲ್ಲ. ಈ ಸರಳವಾದ ಸತ್ಯವನ್ನು ಮರೆಯುವುದರಿಂದಲೇ ಮುಂದಿನ ತೊಂದರೆಗಳೆಲ್ಲ ಹುಟ್ಟುತ್ತವೆ.

ಜೇಡಿಮಣ್ಣಿಗೆ ಭಾರ ಬಿದ್ದರೆ ಏನಾಗುತ್ತದೆ? ಜೇಡಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳು. ಅವು ಇಸ್ಪೀಟಿನ ಎಲೆಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿದಂತೆ ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ನಡುವಣ ಸಂದುಗಳಲ್ಲಿ ನೀರು ತುಂಬಿರುತ್ತದೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ಶ್ರೀಖಂಡಕ್ಕೆ ಸಿದ್ಧಪಡಿಸುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕಲ್ಲಿಟ್ಟ ಕ್ಷಣದಲ್ಲಿ ಗಂಟು ಅಷ್ಟಾಗಿ ತಗ್ಗುವುದಿಲ್ಲ. ನೀರು ಹನಿಹನಿಯಾಗಿ ಜಿನುಗಿದಂತೆಲ್ಲ ಗಂಟು ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ಜೇಡಿಯಲ್ಲಿ ನಡೆಯುವುದೂ ಇದೇ. ಹೊಸ ಭಾರವನ್ನು ಮೊದಲು ಹೊರುವುದು ಸಂದುಗಳಲ್ಲಿರುವ ನೀರು. ಆ ನೀರು ಮೆಲ್ಲಮೆಲ್ಲನೆ ಹೊರಟುಹೋದಂತೆ ಭಾರವು ಕಣಗಳಿಗೆ ವರ್ಗವಾಗುತ್ತದೆ. ಕಣಗಳು ಒತ್ತಾಗುತ್ತವೆ, ನೆಲ ಇಳಿಯುತ್ತದೆ. ತುಂಬಿದ ಮಣ್ಣು ಒಂದು ಮಳೆಗಾಲ ಕೂರಲಿ ಎಂದು ನಮ್ಮ ಗಾರೆಕೆಲಸದವರು ಹೇಳುವ ಮಾತಿನಲ್ಲಿ, ನೆಲ ಬಿಗಿಯಲು ಕಾಲ ಬೇಕೆಂಬ ಇದೇ ಅನುಭವವಿದೆ.

ಈ ಕ್ರಿಯೆಗೆ ಗಣಿತದ ರೂಪ ಕೊಟ್ಟವನು ಕಾರ್ಲ್ ಟೆರ್ಜಾಗಿ. 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಆತನ ಗ್ರಂಥದಿಂದಲೇ ಮಣ್ಣಿನ ಯಂತ್ರಶಾಸ್ತ್ರವು ಒಂದು ಪ್ರತ್ಯೇಕ ವಿಜ್ಞಾನವಾಯಿತೆಂದು ಹೇಳುವುದುಂಟು. ನೀರು ಹೊರಬೀಳಲು ಬೇಕಾಗುವ ಕಾಲವು ಅದು ಸಾಗಬೇಕಾದ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಆತನ ಸಿದ್ಧಾಂತದ ಒಂದು ಫಲ. ಲೆಕ್ಕಮಾಡಿ ನೋಡೋಣ. ಪ್ರಯೋಗಶಾಲೆಯಲ್ಲಿ 2 ಸೆಂಟಿಮೀಟರ್ ದಪ್ಪದ ಜೇಡಿಯ ಬಿಲ್ಲೆಯನ್ನು ಒತ್ತುತ್ತೇವೆ. ನೀರು ಮೇಲೂ ಕೆಳಗೂ ಹೊರಡಬಹುದಾದ್ದರಿಂದ ಅತ್ಯಂತ ದೂರದ ಹಾದಿ 1 ಸೆಂಟಿಮೀಟರ್. ಬಿಲ್ಲೆಯ ಒಟ್ಟು ಇಳಿತದ ಅರ್ಧಭಾಗ 10 ನಿಮಿಷಗಳಲ್ಲಿ ಮುಗಿಯಿತೆನ್ನೋಣ. ಅದೇ ಜೇಡಿಯು ನೆಲದಲ್ಲಿ 10 ಮೀಟರ್ ದಪ್ಪವಾಗಿದ್ದು, ಮೇಲೂ ಕೆಳಗೂ ಮರಳಿದ್ದರೆ, ಹಾದಿ 500 ಸೆಂಟಿಮೀಟರ್. ಕಾಲವು 500ರ ವರ್ಗದಷ್ಟು, ಎಂದರೆ 2,50,000 ಪಟ್ಟು ಹೆಚ್ಚುತ್ತದೆ. 10 ನಿಮಿಷಗಳು ಸುಮಾರು ನಾಲ್ಕೂಮುಕ್ಕಾಲು ವರ್ಷಗಳಾಗುತ್ತವೆ. ನೂರಕ್ಕೆ ತೊಂಬತ್ತರಷ್ಟು ಇಳಿತ ಮುಗಿಯಬೇಕಾದರೆ ಸುಮಾರು 20 ವರ್ಷಗಳು ಬೇಕು. ಮರಳು ಒಂದು ಕಡೆ ಮಾತ್ರ ಇದ್ದರೆ ಇವೆಲ್ಲವೂ ಮತ್ತೆ ನಾಲ್ಮಡಿಯಾಗುತ್ತವೆ. ಕಟ್ಟಿದವನು ಹಣ ಪಡೆದು ಹೋದ ಎಷ್ಟೋ ವರ್ಷಗಳ ಮೇಲೆ ನೆಲವು ತನ್ನ ಲೆಕ್ಕವನ್ನು ಒಪ್ಪಿಸುತ್ತದೆ!

ಈಗ ಪೈಲುಗಳ ಪರೀಕ್ಷೆಯನ್ನು ಗಮನಿಸೋಣ. ಕಟ್ಟಡದ ಕೆಲಸ ಆರಂಭವಾಗುವಾಗ ಒಂದೆರಡು ಪೈಲುಗಳ ಮೇಲೆ ಭಾರವನ್ನು ಹೇರಿ, ಅವು ಎಷ್ಟು ತಗ್ಗುತ್ತವೆಂದು ಅಳೆಯುವ ಕ್ರಮವಿದೆ. ಭಾರತೀಯ ಮಾನಕದಲ್ಲಿ ಒಂಟಿ ಪೈಲಿನ ಸುರಕ್ಷಿತ ಭಾರವನ್ನು ನಿಶ್ಚಯಿಸಲು 12 ಮಿಲಿಮೀಟರ್ ಇಳಿತವನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಇದು ಅವಶ್ಯವಾದ ಪರೀಕ್ಷೆ. ಪೈಲಿನ ಬಲವನ್ನೂ ಕೆಲಸದ ಗುಣವನ್ನೂ ಇದು ತೋರಿಸಿಕೊಡುತ್ತದೆ. ಆದರೆ ಕಟ್ಟಡವೆಲ್ಲ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ತರುವುದು ತಪ್ಪು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಕಾಲ. ಪರೀಕ್ಷೆಯು ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಮುಗಿಯುತ್ತದೆ. ಆಳದ ಜೇಡಿಯಲ್ಲಿರುವ ನೀರು ಅಷ್ಟರಲ್ಲಿ ಕದಲಿಯೇ ಇರುವುದಿಲ್ಲ. ಎರಡನೆಯದು ವಿಸ್ತಾರ. 40 ಸೆಂಟಿಮೀಟರ್ ಅಗಲದ ಒಂಟಿ ಪೈಲಿನ ತುದಿಯ ಒತ್ತಡವು ಕೆಳಗೆ ಒಂದೆರಡು ಮೀಟರುಗಳೊಳಗೆ ಚದರಿ ಕ್ಷೀಣಿಸುತ್ತದೆ. ನೂರಾರು ಪೈಲುಗಳು ಒಟ್ಟಾಗಿ ನಿಂತಾಗ ಹಾಗಲ್ಲ. ಅವುಗಳ ಒತ್ತಡಗಳು ಒಂದರೊಡನೊಂದು ಬೆರೆತು, ಇಡಿಯ ಗುಂಪು ಒಂದು ದೊಡ್ಡ ಹಾಸುಗಲ್ಲಿನಂತೆ ವರ್ತಿಸುತ್ತದೆ. ಆದ್ದರಿಂದಲೇ ತಿಕ್ಕಾಟದಿಂದ ನಿಲ್ಲುವ ಪೈಲುಗಳ ಉದ್ದದಲ್ಲಿ ಮೂರನೆಯ ಎರಡು ಪಾಲು ಆಳದಲ್ಲಿ ಒಂದು ಹಾಸು ಇದೆಯೆಂದು ಭಾವಿಸಿಕೊಂಡು, ಅದರ ಕೆಳಗಿನ ಮಣ್ಣಿನ ಇಳಿತವನ್ನು ಲೆಕ್ಕಹಾಕುವ ಕ್ರಮವನ್ನು ಟೆರ್ಜಾಗಿ ಮತ್ತು ಪೆಕ್ 1948ರ ತಮ್ಮ ಗ್ರಂಥದಲ್ಲಿ ಬೋಧಿಸಿದರು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 30 ಮೀಟರ್ ಉದ್ದ, 30 ಮೀಟರ್ ಅಗಲದ ಹತ್ತು-ಹನ್ನೆರಡು ಅಂತಸ್ತುಗಳ ಕಟ್ಟಡವೊಂದು ಆ ಭಾವಿಸಿದ ಹಾಸಿನ ಮೇಲೆ ಚದರ ಮೀಟರಿಗೆ 12 ಟನ್ ಹೊಸ ಭಾರವನ್ನು ಹೇರುತ್ತದೆನ್ನೋಣ. ಎರಡು ಮೀಟರ್ ಕೆಳಗಿಳಿದಂತೆ ಪ್ರತಿ ಪಾರ್ಶ್ವಕ್ಕೂ ಒಂದು ಮೀಟರಿನಂತೆ ಭಾರವು ಹರಡುತ್ತದೆಂದು ಎಣಿಸಿದರೆ, 30 ಮೀಟರ್ ಕೆಳಗೆ ಅದು 60 ಮೀಟರ್ ಚೌಕದ ಮೇಲೆ ಹಂಚಿಹೋಗುತ್ತದೆ. ಅಲ್ಲಿಯೂ ಚದರ ಮೀಟರಿಗೆ 3 ಟನ್ ಉಳಿದಿರುತ್ತದೆ. ಆ ಆಳದಲ್ಲಿ 10 ಮೀಟರ್ ದಪ್ಪದ ಜೇಡಿಯ ಪದರವೊಂದಿದ್ದು, ಅದು ಪ್ರತಿ ಟನ್ನಿಗೂ ಮೀಟರಿಗೆ 5 ಮಿಲಿಮೀಟರಿನಂತೆ ಕುಗ್ಗುವುದಾದರೆ, ಒಟ್ಟು ಇಳಿತ 15 ಸೆಂಟಿಮೀಟರ್! ಒಂಟಿ ಪೈಲು ಪರೀಕ್ಷೆಯಲ್ಲಿ ಕೆಲವೇ ಮಿಲಿಮೀಟರ್ ತಗ್ಗಿ ಎಲ್ಲರ ಮೆಚ್ಚುಗೆ ಪಡೆದಿದ್ದರೂ, ಕಟ್ಟಡಕ್ಕೆ ಈ 15 ಸೆಂಟಿಮೀಟರ್ ತಪ್ಪುವುದಿಲ್ಲ.

ಇಳಿದರೆ ಇಳಿಯಲಿ, ಬೀಳುವುದಿಲ್ಲವಷ್ಟೆ ಎಂದು ಕೆಲವರು ಹೇಳಬಹುದು. ಕಟ್ಟಡವೆಲ್ಲ ಸಮನಾಗಿ ಇಳಿಯುವುದಾದರೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ನೀರು, ಚರಂಡಿ, ಮೆಟ್ಟಿಲು, ಬಾಗಿಲುಗಳ ತೊಡಕನ್ನು ಹೇಗೋ ಸರಿಪಡಿಸಿಕೊಳ್ಳಬಹುದು. ಆದರೆ ನೆಲವು ಅಷ್ಟು ನ್ಯಾಯವಂತನಲ್ಲ. ಒಂದು ಮೂಲೆಯಲ್ಲಿ ಜೇಡಿ ದಪ್ಪ, ಇನ್ನೊಂದು ಮೂಲೆಯಲ್ಲಿ ತೆಳು. ನಡುವೆ ಭಾರ ಹೆಚ್ಚು, ಅಂಚಿನಲ್ಲಿ ಕಡಿಮೆ. ಇಳಿತವು ಹೆಚ್ಚುಕಡಿಮೆಯಾಗುವುದೇ ಸಾಮಾನ್ಯ. 98 ಕಟ್ಟಡಗಳ ಇತಿಹಾಸವನ್ನು ಪರಿಶೀಲಿಸಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 1956ರಲ್ಲಿ ಒಂದು ಮಿತಿಯನ್ನು ಸೂಚಿಸಿದರು. ಎರಡು ಕಂಬಗಳ ನಡುವಣ ಇಳಿತದ ವ್ಯತ್ಯಾಸವು ಅವುಗಳ ಅಂತರದ ಮುನ್ನೂರನೆಯ ಒಂದು ಭಾಗವನ್ನು ಮೀರಿದರೆ ಗೋಡೆಗಳು ಬಿರಿಯತೊಡಗುತ್ತವೆ. 6 ಮೀಟರ್ ಅಂತರದ ಕಂಬಗಳಿಗೆ ಇದು ಕೇವಲ 2 ಸೆಂಟಿಮೀಟರ್. ಒಟ್ಟು ಇಳಿತ 15 ಸೆಂಟಿಮೀಟರ್ ಇರುವಲ್ಲಿ 2 ಸೆಂಟಿಮೀಟರಿನ ವ್ಯತ್ಯಾಸ ಹುಟ್ಟುವುದು ಆಶ್ಚರ್ಯವೇನೂ ಅಲ್ಲ.

ಇನ್ನೊಂದು ಸಂಗತಿಯುಂಟು. ಪೈಲಿನ ಮೈಗೆ ಅಂಟಿಕೊಂಡ ಮಣ್ಣು ಅದನ್ನು ಎತ್ತಿಹಿಡಿಯುತ್ತದೆಂದು ಹೇಳಿದೆವಷ್ಟೆ. ಪೈಲು ಕೆಳಗಿಳಿಯಲೆತ್ನಿಸುವಾಗ ಮಣ್ಣು ಸ್ಥಿರವಾಗಿದ್ದರೆ ಮಾತ್ರ ಇದು ಸರಿ. ತಗ್ಗಾದ ಜಾಗಕ್ಕೆ ಹೊಸ ಮಣ್ಣು ತುಂಬಿ ಎತ್ತರಿಸಿದರೆ, ಆ ಮಣ್ಣಿನ ಭಾರಕ್ಕೆ ಕೆಳಗಿನ ಜೇಡಿಯು ವರ್ಷಗಟ್ಟಲೆ ಇಳಿಯುತ್ತಿರುತ್ತದೆ. ಆಗ ಮಣ್ಣೇ ಪೈಲಿನ ಮೈಗೆ ಜೋತುಬೀಳುತ್ತದೆ, ಆಸರೆಯಾಗಬೇಕಾದುದು ಹೊರೆಯಾಗುತ್ತದೆ. 40 ಸೆಂಟಿಮೀಟರ್ ವ್ಯಾಸದ ಪೈಲಿನ ಸುತ್ತಳತೆ ಸುಮಾರು 1.26 ಮೀಟರ್. 10 ಮೀಟರ್ ಜೇಡಿಯು ಚದರ ಮೀಟರಿಗೆ 2 ಟನ್ನಿನಂತೆ ಎಳೆದರೆ, ಪ್ರತಿಯೊಂದು ಪೈಲಿಗೂ 25 ಟನ್ ಹೆಚ್ಚಿನ ಹೊರೆ ಬೀಳುತ್ತದೆ. ಈ ಹೊರೆ ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೆರೆಯಂಗಳವನ್ನೂ ಕೊಲ್ಲಿಯ ಅಂಚನ್ನೂ ತುಂಬಿ ಬಡಾವಣೆ ಮಾಡುವ ನಮ್ಮ ಕಾಲದಲ್ಲಿ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು.

ಶಾಸ್ತ್ರದಿಂದ ಅನುಭವದ ಕಡೆಗೆ ಬರೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2009ರಲ್ಲಿ 58 ಅಂತಸ್ತುಗಳ ಮಿಲೇನಿಯಮ್ ಟವರ್ ಪೂರ್ಣಗೊಂಡಿತು. ಅದರಡಿಯಲ್ಲಿ ಸುಮಾರು 950 ಕಾಂಕ್ರೀಟ್ ಪೈಲುಗಳು ಕೊಲ್ಲಿಯ ಮೆತ್ತನೆಯ ಕೆಸರನ್ನು ದಾಟಿ, ಕೆಳಗಿನ ಒತ್ತಾದ ಮರಳಿನ ಪದರವನ್ನು ಸೇರಿವೆ. ಅವುಗಳ ಆಳ 18ರಿಂದ 27 ಮೀಟರ್. ಆದರೆ ಮರಳಿನ ಕೆಳಗೆ ಮತ್ತೆ ಹಳೆಯ ಜೇಡಿಯ ದಪ್ಪ ಪದರವಿದೆ. ಬಂಡೆ ಇರುವುದು 60 ಮೀಟರಿಗೂ ಕೆಳಗೆ. ಕಟ್ಟಡದ ಜೀವಮಾನದಲ್ಲಿ ಸುಮಾರು 15 ಸೆಂಟಿಮೀಟರಿನೊಳಗೆ ಇಳಿಯಬಹುದೆಂದು ಎಣಿಸಲಾಗಿತ್ತು. 2016ರಲ್ಲಿ ಸಂಗತಿ ಬಹಿರಂಗವಾದಾಗ ಅದು ಆಗಲೇ ಸುಮಾರು 40 ಸೆಂಟಿಮೀಟರ್ ಇಳಿದು, ಒಂದು ಕಡೆಗೆ ವಾಲಿತ್ತು. ಕಟ್ಟಡದ ಸ್ವಂತ ಭಾರವೇ ಕಾರಣವೆಂದು ಒಂದು ಪಕ್ಷ ವಾದಿಸಿತು. ಪಕ್ಕದ ಅಗೆತಕ್ಕಾಗಿ ನೆಲದ ನೀರನ್ನು ಹೊರತೆಗೆದುದೇ ಕಾರಣವೆಂದು ಇನ್ನೊಂದು ಪಕ್ಷ ವಾದಿಸಿತು. ವ್ಯಾಜ್ಯಗಳು 2020ರಲ್ಲಿ ರಾಜಿಯಲ್ಲಿ ಕೊನೆಗೊಂಡವು.

ಅನಂತರದ ಚಿಕಿತ್ಸೆಯೂ ಸುಲಭವಾಗಲಿಲ್ಲ. ಬಂಡೆಯವರೆಗೆ ಹೊಸ ಪೈಲುಗಳನ್ನಿಳಿಸಿ, ಕಟ್ಟಡದ ಭಾರದ ಒಂದು ಭಾಗವನ್ನು ಅವುಗಳಿಗೆ ಹೊರಿಸುವ ಕೆಲಸ ನಡೆಯುತ್ತಿದ್ದಾಗಲೇ ಇಳಿತವು ಹೆಚ್ಚಿತು. 2021ರಲ್ಲಿ ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಮೊದಲು ಯೋಚಿಸಿದ್ದ 52 ಪೈಲುಗಳ ಬದಲಿಗೆ 18 ಪೈಲುಗಳನ್ನಷ್ಟೇ ಹಾಕಿ 2023ರಲ್ಲಿ ಕೆಲಸವನ್ನು ಮುಗಿಸಲಾಯಿತು. ಗಮನಿಸಬೇಕಾದುದೇನೆಂದರೆ, ಆ ಕಟ್ಟಡ ಬೀಳುವ ಸ್ಥಿತಿಯಲ್ಲಿ ಎಂದೂ ಇರಲಿಲ್ಲ. ಪೈಲುಗಳು ಭಾರವನ್ನು ಹೊರಲಾರದೆ ಸೋಲಲಿಲ್ಲ. ನಮ್ಮ ಮೊದಲನೆಯ ಪ್ರಶ್ನೆಯಲ್ಲಿ ಅದು ಉತ್ತೀರ್ಣವಾಗಿತ್ತು, ಎರಡನೆಯದರಲ್ಲಿ ಅನುತ್ತೀರ್ಣವಾಯಿತು. ಅಷ್ಟರಿಂದಲೇ ಮನೆಗಳ ಬೆಲೆ ಕುಸಿಯಿತು, ನೂರಾರು ಕುಟುಂಬಗಳ ನೆಮ್ಮದಿ ಕೆಟ್ಟಿತು.

ಬಂಡೆಯವರೆಗೂ ಪೈಲುಗಳನ್ನಿಳಿಸಿಬಿಟ್ಟರೆ ಎಲ್ಲ ಚಿಂತೆಯೂ ತೀರುವುದಲ್ಲವೆ ಎಂದು ಇಲ್ಲಿ ಪ್ರಶ್ನೆ ಏಳಬಹುದು. ಅನೇಕ ಕಡೆ ಅದೇ ಸರಿಯಾದ ಮಾರ್ಗ. ಆದರೆ ಅದನ್ನು ಸರ್ವರೋಗ ನಿವಾರಕವೆಂದು ಒಪ್ಪಲು ಮೆಕ್ಸಿಕೋ ನಗರ ಬಿಡುವುದಿಲ್ಲ. ಆ ನಗರದ ಹೃದಯಭಾಗವು ಟೆಸ್ಕೋಕೋ ಎಂಬ ಪ್ರಾಚೀನ ಸರೋವರದ ಪಾತ್ರದ ಮೇಲೆ ನಿಂತಿದೆ. ಜ್ವಾಲಾಮುಖಿಯ ಬೂದಿಯಿಂದುಂಟಾದ ಅಲ್ಲಿಯ ಜೇಡಿಯಲ್ಲಿ ನೀರಿನ ತೂಕವು ಮಣ್ಣಿನ ತೂಕದ ಮೂರು-ನಾಲ್ಕು ಪಟ್ಟು ಇರುವುದುಂಟು. ನಗರವು ಕುಡಿಯುವ ನೀರಿಗಾಗಿ ಬಾವಿಗಳನ್ನು ಕೊರೆದು ಆಳದ ನೀರನ್ನು ಸೆಳೆಯಿತು. ನೀರಿನ ಒತ್ತಡ ಇಳಿದಂತೆ ಮೇಲಿನ ಮಣ್ಣಿನ ಭಾರ ಕಣಗಳ ಮೇಲೆ ಬಿತ್ತು. ಹೊಸ ಕಟ್ಟಡವನ್ನು ಕಟ್ಟದೆಯೇ ನೆಲ ಕುಗ್ಗಿತು. ಬಾವಿಗಳಿಗೂ ನೆಲದ ಇಳಿತಕ್ಕೂ ಇರುವ ಈ ಸಂಬಂಧವನ್ನು ನಾಬೋರ್ ಕಾರ್ರಿಯೋ ಎಂಬ ಮೆಕ್ಸಿಕೋದ ಎಂಜಿನಿಯರ್ 1940ರ ದಶಕದ ಕೊನೆಯಲ್ಲಿ ಗಣಿತದಿಂದ ವಿವರಿಸಿದನು. ನಗರದ ಮಧ್ಯಭಾಗವು ಇಪ್ಪತ್ತನೆಯ ಶತಮಾನದಲ್ಲಿ ಹಲವು ಮೀಟರುಗಳಷ್ಟು ಇಳಿದುಹೋಯಿತು. ಕೆಲವು ಭಾಗಗಳು ವರ್ಷಕ್ಕೆ 40 ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತಿರುವುದನ್ನು 2021ರಲ್ಲಿ ಪ್ರಕಟವಾದ ಉಪಗ್ರಹದ ಅಳತೆಗಳು ತೋರಿಸಿದವು.

ಅಲ್ಲಿಯ ಸ್ವಾತಂತ್ರ್ಯ ಸ್ಮಾರಕಸ್ತಂಭವನ್ನು 1910ರಲ್ಲಿ ಉದ್ಘಾಟಿಸಿದರು. ಅದು ಪೈಲುಗಳ ಮೇಲೆ ಭದ್ರವಾಗಿ ನಿಂತಿದೆ. ಆದರೆ ಸುತ್ತಲಿನ ಬೀದಿ ಇಳಿಯುತ್ತ ಹೋಯಿತು. ಬೀದಿಯಿಂದ ಸ್ತಂಭದ ಬುಡಕ್ಕೆ ಹತ್ತಲು ಕಾಲಕಾಲಕ್ಕೆ ಒಟ್ಟು 14 ಹೊಸ ಮೆಟ್ಟಿಲುಗಳನ್ನು ಸೇರಿಸಬೇಕಾಯಿತು. ಗಟ್ಟಿನೆಲವನ್ನು ಮುಟ್ಟಿದ ಕಟ್ಟಡಕ್ಕೆ ಇಂತಹ ಊರಿನಲ್ಲಿ ಬರುವ ತೊಂದರೆ ಇದು: ತಾನು ನಿಂತಲ್ಲಿ ನಿಂತಿದ್ದರೂ ನೆರೆಹೊರೆಯೆಲ್ಲ ತಗ್ಗಿ, ನೀರಿನ ಕೊಳವೆಗಳೂ ಚರಂಡಿಗಳೂ ಕಿತ್ತುಬರುತ್ತವೆ. ಇಳಿಯುವ ಮಣ್ಣು ಪೈಲುಗಳಿಗೆ ಜೋತುಬೀಳುತ್ತದೆ. ಇಳಿಯುವ ಊರಿನಲ್ಲಿ ಇಳಿಯದೆ ನಿಲ್ಲುವುದೂ ಒಂದು ಸಮಸ್ಯೆಯೇ.

ಅದೇ ನಗರದಲ್ಲಿ 1956ರಲ್ಲಿ ಪೂರ್ಣಗೊಂಡ 44 ಅಂತಸ್ತುಗಳ ಟೋರೆ ಲ್ಯಾಟಿನೋ ಅಮೆರಿಕಾನ ಎಂಬ ಗೋಪುರ ಬೇರೊಂದು ಪಾಠವನ್ನು ಹೇಳುತ್ತದೆ. ಅದರ ಅಸ್ತಿಭಾರವನ್ನು ಯೋಜಿಸಿದ ಲಿಯೊನಾರ್ದೊ ಸೇವಾರ್ಟ್ ಕೇವಲ ಪೈಲುಗಳನ್ನು ನಂಬಲಿಲ್ಲ. ಆಳವಾದ ನೆಲಮಾಳಿಗೆಯನ್ನಗೆದು, ತೆಗೆದ ಮಣ್ಣಿನ ತೂಕದಿಂದ ಕಟ್ಟಡದ ತೂಕದ ಒಂದು ಭಾಗವನ್ನು ಸರಿದೂಗಿಸಿದನು. ಉಳಿದುದನ್ನು ಸುಮಾರು 33 ಮೀಟರ್ ಆಳದ ಮರಳಿನವರೆಗೆ ಇಳಿಸಿದ 361 ಪೈಲುಗಳಿಗೆ ಹೊರಿಸಿದನು. ಮುಖ್ಯವಾಗಿ, ಕಟ್ಟುವುದಕ್ಕೆ ಮೊದಲೇ ಮಣ್ಣನ್ನು ಆಳದವರೆಗೆ ಪರೀಕ್ಷಿಸಿ, ಸುತ್ತಲಿನ ನೆಲದ ಇಳಿತವನ್ನೂ ಲೆಕ್ಕಕ್ಕೆ ತೆಗೆದುಕೊಂಡನು. 1957 ಮತ್ತು 1985ರ ಭೂಕಂಪಗಳನ್ನು ಆ ಗೋಪುರ ತಾಳಿಕೊಂಡಿತು. ಆದ್ದರಿಂದ ಮೆತ್ತನೆಯ ನೆಲದಲ್ಲಿ ಎತ್ತರದ ಕಟ್ಟಡ ಕೂಡದೆಂಬುದು ನಮ್ಮ ವಾದವಲ್ಲ. ನೆಲವನ್ನು ಅರಿಯದೆ ಕೂಡದೆಂಬುದಷ್ಟೇ ನಮ್ಮ ವಾದ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನೆಲವನ್ನು ಕೊರೆದು ನೋಡುವಾಗ ಪೈಲಿನ ತುದಿಗೆ ನಿಲ್ಲಿಸಬಾರದು. ಕಟ್ಟಡದ ಭಾರ ಎಲ್ಲಿಯವರೆಗೆ ಮುಟ್ಟುವುದೋ ಅಲ್ಲಿಯವರೆಗೂ ಹೋಗಬೇಕು. ಹತ್ತು ಮೀಟರ್ ಹೆಚ್ಚು ಕೊರೆಯುವ ಖರ್ಚು ಕಟ್ಟಡದ ಖರ್ಚಿನ ಮುಂದೆ ಅತ್ಯಲ್ಪ. ಆದರೂ ಕೈ ಬಿಗಿಹಿಡಿಯುವುದು ಅಲ್ಲಿಯೇ. ಅಮೃತಶಿಲೆಯ ನೆಲಹಾಸಿಗೆ ಹಿಂದೆಗೆಯದ ಕೈ ಮಣ್ಣಿನ ಪರೀಕ್ಷೆಗೆ ಹಿಂದೆಗೆಯುತ್ತದೆ.

ಎರಡನೆಯದಾಗಿ, ಪೈಲುಗಳ ಗುಂಪಿನ ಇಳಿತವನ್ನು ಲೆಕ್ಕಹಾಕಿ ಬರೆದಿಡುವುದು ಕಡ್ಡಾಯವಾಗಬೇಕು. ವಿಧಾನ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಆಳದ ಅಸ್ತಿಭಾರಗಳ ಇಳಿತವನ್ನು ಲೆಕ್ಕಿಸುವ ಕ್ರಮವನ್ನು ಭಾರತೀಯ ಮಾನಕ ಸಂಸ್ಥೆಯು 1980ರಷ್ಟು ಹಿಂದೆಯೇ ಪ್ರಕಟಿಸಿದೆ. ಈ ಲೆಕ್ಕವು ಮಿಲಿಮೀಟರಿಗೆ ಸರಿಯಾಗಿ ಬರುವುದಿಲ್ಲ, ನಿಜ. ಮಣ್ಣು ಉಕ್ಕಿನಂತೆ ಕಾರ್ಖಾನೆಯಲ್ಲಿ ತಯಾರಾದುದಲ್ಲ. ಆದರೆ 3 ಸೆಂಟಿಮೀಟರೋ 30 ಸೆಂಟಿಮೀಟರೋ ಎಂಬುದನ್ನು ಅದು ಖಂಡಿತವಾಗಿ ತಿಳಿಸುತ್ತದೆ. ಲೆಕ್ಕ ಪೂರ್ತಿ ನಿಖರವಲ್ಲವೆಂದು ಲೆಕ್ಕವನ್ನೇ ಬಿಡುವುದು, ಮಳೆಯ ಮುನ್ಸೂಚನೆ ಒಮ್ಮೊಮ್ಮೆ ತಪ್ಪುವುದೆಂದು ಮೀನುಗಾರನು ಆಕಾಶವನ್ನೇ ನೋಡದೆ ದೋಣಿಯಿಳಿಸಿದಂತೆ.

ಮೂರನೆಯದಾಗಿ, ಮೆತ್ತನೆಯ ನೆಲದ ಮೇಲಿನ ಪ್ರತಿಯೊಂದು ದೊಡ್ಡ ಕಟ್ಟಡದಲ್ಲಿಯೂ ಗುರುತಿನ ಬಿಂದುಗಳನ್ನಿಟ್ಟು, ಕಟ್ಟುವ ಕಾಲದಿಂದ ಮೊದಲ್ಗೊಂಡು ಹಲವು ವರ್ಷಗಳವರೆಗೆ ಇಳಿತವನ್ನು ಅಳೆಯಬೇಕು. ಆ ಅಳತೆಗಳು ಅಲ್ಲಿ ವಾಸಿಸುವವರಿಗೂ ಕೊಳ್ಳಬಯಸುವವರಿಗೂ ದೊರೆಯುವಂತಿರಬೇಕು. ಇದಕ್ಕೆ ಬೇಕಾದುದು ಒಂದು ಸಾಧಾರಣ ಲೆವೆಲ್ ಉಪಕರಣ ಮತ್ತು ಒಂದು ದಫ್ತರ. ಅಳತೆಗಳು ಹೊರಬಿದ್ದರೆ ಬೆಲೆ ಇಳಿಯುತ್ತದೆ, ಜನ ವೃಥಾ ಗಾಬರಿಯಾಗುತ್ತಾರೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಆದರೆ ಗಾಬರಿಗೆ ನಿಜವಾದ ಕಾರಣ ಅಳತೆಯಲ್ಲ, ಅದನ್ನು ಮುಚ್ಚಿಡುವುದು. ಜಪಾನಿನ ಕನ್ಸೈ ವಿಮಾನ ನಿಲ್ದಾಣವನ್ನು ನೋಡಿರಿ. ಸಮುದ್ರದಲ್ಲಿ ತುಂಬಿದ ದ್ವೀಪದ ಮೇಲೆ 1994ರಲ್ಲಿ ತೆರೆದ ಆ ನಿಲ್ದಾಣ ಹಲವು ಮೀಟರುಗಳಷ್ಟು ಇಳಿದಿದೆ. ಇಳಿಯುವುದು ನಿಶ್ಚಯವೆಂದು ಮೊದಲೇ ಒಪ್ಪಿಕೊಂಡುದರಿಂದ, ಅದರ ನೂರಾರು ಕಂಬಗಳ ಬುಡದಲ್ಲಿ ಜಾಕುಗಳನ್ನಿಟ್ಟು ಎತ್ತಿ ಸರಿಪಡಿಸುವ ಏರ್ಪಾಡನ್ನು ಮಾಡಿಕೊಂಡರು. ಅಲ್ಲಿ ಇಳಿತದ ಅಳತೆಗಳನ್ನು ಸಾರ್ವಜನಿಕರಿಗೆ ಪ್ರಕಟಿಸುತ್ತಾರೆ. ವಿಮಾನಗಳು ಏರಿ ಇಳಿಯುತ್ತಲೇ ಇವೆ, ಪ್ರಯಾಣಿಕರು ಓಡಿಹೋಗಿಲ್ಲ.

ನಾಲ್ಕನೆಯದಾಗಿ, ನೆಲದಡಿಯ ನೀರು ಯಾವೊಬ್ಬನ ಆಸ್ತಿಯೂ ಅಲ್ಲವೆಂಬುದನ್ನು ಒಪ್ಪಬೇಕು. ಜೇಡಿಯ ನೆಲದಲ್ಲಿ ಒಬ್ಬನು ಪಂಪು ಹಚ್ಚಿದರೆ ನೆರೆಯವನ ಮನೆ ಇಳಿಯಬಹುದು. ಆಳದ ಅಗೆತಕ್ಕೆ ಪರವಾನಗಿ ಕೊಡುವಾಗ ಅಗೆಯುವವನ ನಿವೇಶನವನ್ನಷ್ಟೇ ಅಲ್ಲದೆ, ಸುತ್ತಲಿನ ಕಟ್ಟಡಗಳನ್ನೂ ಪರಿಶೀಲಿಸುವುದು ನ್ಯಾಯ.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧವೆಂದು ತರುಣ ಮಿತ್ರರು ಕೇಳಬಹುದು. ಬೆಂಗಳೂರಿನಂತಹ ಊರುಗಳ ಅಡಿಯಲ್ಲಿ ಗಟ್ಟಿಯಾದ ಶಿಲೆಯಿದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಸಮಸ್ಯೆಯೂ ಬೇರೆ ಬಗೆಯದು: ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಆ ಕೆಲವೇ ಮೀಟರುಗಳ ಚಂಚಲ ಪದರವನ್ನು ದಾಟಿ ನಿಲ್ಲುವಂತೆ, ಬುಡದಲ್ಲಿ ಉಬ್ಬಿರುವ ಗಿಡ್ಡ ಪೈಲುಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯು ಬಳಕೆಗೆ ತಂದಿತು. ಆದರೆ ಕರಾವಳಿಯ ನದೀಮುಖಗಳಲ್ಲಿ ಮೆತ್ತನೆಯ ಜೇಡಿಯ ಪದರಗಳುಂಟು. ನಮ್ಮ ಎಂಜಿನಿಯರರು ದುಡಿಯಲು ಹೋಗುವ ಮುಂಬಯಿ, ಕೊಚ್ಚಿ, ಕೋಲ್ಕತ್ತಗಳಲ್ಲಂತೂ ಅವು ಹೇರಳವಾಗಿವೆ. ಎರೆನೆಲದಲ್ಲಿ ಕಲಿತ ಪಾಠವನ್ನು ಕಡಲಿನ ಜೇಡಿಯ ಮೇಲೆ ಹೇರುವುದೂ ತಪ್ಪಾದೀತು. ಪ್ರತಿಯೊಂದು ನೆಲಕ್ಕೂ ಅದರದೇ ಆದ ಸ್ವಭಾವವಿದೆ. ಅದನ್ನು ಅಲ್ಲಿಯೇ ಹೋಗಿ ವಿಚಾರಿಸಬೇಕು.

ಇಂದು ಕಾಲೇಜಿನಲ್ಲಿರುವವರು ನಾಳೆ ಕಟ್ಟಡಗಳಿಗೆ ಸಹಿಹಾಕುವವರಾಗುತ್ತಾರೆ. ಅಥವಾ ಅವುಗಳಲ್ಲಿ ಮನೆ ಕೊಳ್ಳುವವರಾಗುತ್ತಾರೆ. ಇಬ್ಬರಿಗೂ ನಾವು ಹೇಳುವುದು ಒಂದೇ ಮಾತು. 'ಪೈಲು ಎಷ್ಟು ಟನ್ ಹೊರುತ್ತದೆ?' ಎಂಬ ಪ್ರಶ್ನೆಗೆ ಉತ್ತರ ದೊರೆತೊಡನೆ ಎದ್ದು ಬರಬೇಡಿರಿ. 'ಅದರ ತುದಿಯ ಕೆಳಗೆ ಏನಿದೆ? ಇಪ್ಪತ್ತು ವರ್ಷಗಳಲ್ಲಿ ಎಷ್ಟು ಇಳಿಯುತ್ತದೆ? ಅಳೆಯುವವರು ಯಾರು?' ಎಂದು ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿರಿ. ಕೇಳುವವರು ಹೆಚ್ಚಿದರೆ ಉತ್ತರವನ್ನು ಸಿದ್ಧಮಾಡಿಕೊಂಡು ಬರುವವರೂ ಹೆಚ್ಚುತ್ತಾರೆ.